ದೇವರನ್ನ ನಂಬದ ಮಗಳಿಗೆ ಅವ್ವನ ಪತ್ರ

ಪ್ರೀತಿಯ ಮಗಳ,

ಫೋನಿನ್ಯಾಗ ಇದನ್ನ ಮಾತಾಡಾಕ ಹೋದ್ರ ನಡುವ ನಿಮ್ಮಪ್ಪ ಬರ್ತಾರ, ನಿನ್ನ ಸಿಟ್ಟು ಬರ್ತೈತಿ, ಮಾತು ಎಲ್ಲೆಲ್ಲೋ ಹೋಗ್ತೈತಿ, ಅದಕ್ಕ ಕುಂತು ಬರದು ಕಳಸಾಕತ್ತೀನಿ, ಪೂರ್ತಿ ಓದು.

ದೇವರ ಮ್ಯಾಲ ನಂಬಿಕಿ ಇಲ್ಲ ಅಂತ ನೀ ಹೇಳಿದ್ದಕ್ಕ ನಂಗ ಬ್ಯಾಸರ ಇಲ್ಲ. ನಾ ಹುಣ್ಣಿಮಿಗೆ ಹುಲಿಗೆಮ್ಮನ ಕಡೆ ಹೋಗಾಕಿ, ಹೋಗೋದು ಬಿಡಂಗಿಲ್ಲ, ನೀನೂ ಬಾ ಅಂತ ಜುಲುಮಿ ಮಾಡಂಗೂ ಇಲ್ಲ. ನೋವಾಗಿದ್ದು ಬ್ಯಾರೇದಕ್ಕ. ಮನಿ ವಾಟ್ಸಾಪ್ ಗ್ರೂಪಿನ್ಯಾಗ ನಿನ್ನ ಕಾಕಾ, ದೇವರಿಲ್ಲ ಅನ್ನೋರಿಗೆ ನೀತಿ ನಿಯತ್ತು ಇರಂಗಿಲ್ಲ ಅಂತ ಹಾಕಿದ, ನೀ ತಿರುಗಿ ಗುಡಿಗೆ ಹೋಗೋರಿಗೆ ತಲಿ ಇರಂಗಿಲ್ಲ ಅಂತ ಹಾಕಿದಿ. ನಿನ್ನ ಅಜ್ಜಿ, ಆಯಿ, ಅದನ್ನ ನಿನ್ನ ತಮ್ಮನ ಕಡೆ ಓದಿಸಿಕೊಂಡು ಕೇಳಿದ್ಲು, ಏನೂ ಅನ್ನಲಿಲ್ಲ, ಆದ್ರ ಅವತ್ತಿಂದ ನಿನ್ನ ಸುದ್ದಿ ತಗದ್ರ ಮಾತು ಬದಲಸ್ತಾಳ.

ಕಾಕಾ ಹೇಳಿದ್ದು ಸುಳ್ಳು. ಅವನಿಗೆ ಎದುರಾ ಎದುರಾ ಹೇಳೀನಿ, ಕೊರೊನಾದಾಗ ಓಣಿ ಮಂದಿಗೆ ರೇಷನ್ ಮುಟ್ಟಿಸಾಕ ಅಡ್ಡಾಡಿದಾಕಿ ನನ್ನ ಮಗಳು, ದೇವರು ನೋಡ್ತಾನ ಅಂತ ಅಲ್ಲ, ಮಂದಿ ಹಸದಾರ ಅಂತ ಮಾಡಿದ್ಲು ಅಂತ. ಇನ್ನ ಆಯಿ. ಆಕಿ ದಿನಾ ಲಿಂಗಪೂಜಿ ಮಾಡ್ತಾಳ, ಮೊಹರಂ ಬಂದ್ರ ಅಲಾಯಿ ದೇವರಿಗೆ ಸಕ್ಕರಿ ಓದಸ್ತಾಳ, ನಿನ್ನ ನೌಕರಿ ಸಲುವಾಗಿನೂ ಓದಿಸ್ಯಾಳ. ನಮ್ಮ ಕಡೆ ಮುಸಲರ ಮನಿ ಒಂದೂ ಇಲ್ಲದ ಊರಾಗೂ ಮೊಹರಂ ಆಗ್ತೈತಿ, ಇದನ್ನ ಯಾರೂ ಸಾಲ್ಯಾಗ ಕಲಿಸಿದ್ದಲ್ಲ, ಇಂಥಾ ಮುದುಕರು ಉಳಿಸಿಕೊಂಡು ಬಂದದ್ದು. ಆಕಿ ನಂಬಿಕಿ ತಪ್ಪು ಅನಿಸಿದ್ರ ಆಕಿ ಮುಂದ ಕುಂತು ಕೇಳು, ಯಾಕ ಆಯಿ ಅಂತ. ಆಕಿ ಉತ್ತರ ಕೊಡ್ತಾಳ, ಅಷ್ಟು ಬುದ್ಧಿ ಆಕಿಗೈತಿ.

ನಾ ಸಮಾಜ ವಿಜ್ಞಾನ ಕಲಿಸಾಕಿ ಅಲ್ಲಾ, ಅದನ್ನ ಬಿಟ್ಟು ಬರಿಯಾಕ ಬರಂಗಿಲ್ಲ. ನಮ್ಮ ಕೊಪ್ಪಳದ ಗವಿಮಠದ ಗುಡ್ಡದಾಗ ಅಶೋಕನ ಶಾಸನ ಐತಿ, ಜಾತ್ರಿಗೆ ಬರೋ ಲಕ್ಷಾಂತರ ಮಂದಿಯೊಳಗ ಬಾಳ ಮಂದಿಗೆ ಗೊತ್ತಿಲ್ಲ. ನಾ ಹೇಳಾಕ ಹೊಂಟಿದ್ದು ಅವನದ ಇನ್ನೊಂದು ಶಾಸನ, ಹನ್ನೆರಡನೇದು, ಅದು ಕಲಬುರಗಿ ಜಿಲ್ಲೆ ಸನ್ನತಿಯೊಳಗ ಸಿಕ್ಕೈತಿ. ಅದರಾಗ ಅಂವ ಹೇಳ್ತಾನ, ತನ್ನ ಪಂಥದ ಮ್ಯಾಲಿನ ಅಭಿಮಾನಕ್ಕ ಅದನ್ನ ಹೊಗಳಿ ಇನ್ನೊಬ್ಬರ ಪಂಥ ಜರಿಯಾಂವ ತನ್ನ ಪಂಥಕ್ಕ ಹಾನಿ ಮಾಡ್ತಾನ, ಮಾತಿನ್ಯಾಗ ಹಿಡತ ಇರಬೇಕು, ಒಬ್ಬರದು ಒಬ್ಬರು ಕೇಳಬೇಕು ಅಂತ. ಆಗಿನ ಪಂಥದಾಗ ಸೃಷ್ಟಿಕರ್ತ ದೇವರನ್ನ ಒಪ್ಪದ ಬೌದ್ಧರು, ಜೈನರು, ಆಜೀವಕರು ಎಲ್ಲಾರೂ ಇದ್ರು. ಅಂದ್ರ ಈ ಜಗಳ ನಿಂದು ಕಾಕಾಂದು ಇಬ್ಬರದ ಅಲ್ಲ, ಎರಡು ಸಾವಿರ ವರ್ಷದ ಹಿಂದಿಂದೈತಿ.

ಇನ್ನೊಂದು, ಇದನ್ನ ಕಾಕಾಗೂ ಕಳಿಸೀನಿ. 1949ರ ಅಕ್ಟೋಬರ್ 17ಕ್ಕ ಸಂವಿಧಾನ ಸಭೆಯೊಳಗ ಎಚ್.ವಿ. ಕಾಮತ್ ಅವರು ಪೀಠಿಕೆನ ದೇವರ ಹೆಸರಿಂದ ಶುರು ಮಾಡೋಣ ಅಂದ್ರು. ಮತಕ್ಕ ಹಾಕಿದ್ರು, ಪರ 41, ವಿರೋಧ 68, ಬಿದ್ದು ಹೋತು. ವಿರೋಧ ಮಾಡಿದ 68 ಮಂದಿನೂ ನಾಸ್ತಿಕರೇನಲ್ಲ. ಹಿಂಗ ಮಾಡಿದ್ರ ನಂಬಿಕಿ ವಿಷಯದಾಗ ಬಲವಂತ ಮಾಡಿದಂಗ ಅಂತ ಸಭೆಯ ಸದಸ್ಯ ಪಟ್ಟಂ ತಾಣು ಪಿಳ್ಳೈ ವಾದ ಮಾಡಿದ್ರು. ನಂಗ ಈ ಪಾಠ ಬಂದಾಗೆಲ್ಲ ಎದಿ ತುಂಬಿ ಬರ್ತೈತಿ, ನಂಬೋರು ನಂಬದೋರ ಸಲುವಾಗಿ ಕೈ ಎತ್ತಿದ್ದು. ನಾನೂ ಅಲ್ಲಿ ಇದ್ದಿದ್ರ ಹಂಗ ಎತ್ತತಿದ್ದೆ.

ಹಂಗಂತ ಎಲ್ಲಾದಕ್ಕೂ ಬಾಯಿ ಮುಚ್ಚಿಕೊಂಡಿರು ಅಂತ ನಾ ಹೇಳಾಕತ್ತಿಲ್ಲ. ನಮ್ಮ ಭಾಗದಾಗ ದೇವಿ ಹೆಸರಲೆ ಸಣ್ಣ ಹುಡಿಗ್ಯಾರಿಗೆ ಮುತ್ತು ಕಟ್ಟಿ, ದೇವದಾಸಿ ಮಾಡಿ, ಅವರ ಬಾಳೇವ ಹಾಳು ಮಾಡಿದ್ರು, 1982ರಾಗ ಕಾಯ್ದೆ ಮಾಡಬೇಕಾತು, ಅದಾದ ಮ್ಯಾಲೂ ಕದ್ದು ಕಟ್ಟಿದ್ರು. ಅಂಥಾದ್ದು ಕಂಡಾಗ ನೀ ಒದರು, ದೇವಿ ಭಕ್ತಳಾದ ನಾನೂ ನಿನ್ನ ಜೋಡಿ ಒದರ್ತೀನಿ, ಹುಡುಗಿ ಬಾಳೇವಕ್ಕಿಂತ ಹರಕಿ ದೊಡ್ಡದಲ್ಲ. ಪದ್ಧತಿನ ಬೈಯಿ, ಆದ್ರ ಮುತ್ತು ಕಟ್ಟಿಸಿಕೊಂಡ ಆ ಹೆಣಮಗಳನ್ನ ಮೂಢಿ ಅಂತ ಅನಬ್ಯಾಡ, ಆಕಿಗೆ ಯಾರು ಕೇಳಿ ಕಟ್ಟಿದ್ರು?

ನಿನ್ನ ಸಲುವಾಗಿ ಅಂಜಿಕಿನೂ ಐತಿ, ಮುಚ್ಚಿಡಂಗಿಲ್ಲ. 2015ರಾಗ ಧಾರವಾಡದಾಗ ಸಂಶೋಧಕ ಎಂ.ಎಂ. ಕಲಬುರ್ಗಿ ಸರ್ ಅವರನ್ನ ಮನಿ ಬಾಗಲದಾಗ ಗುಂಡು ಹಾಕಿ ಕೊಂದ್ರು, ಜೀವಮಾನ ಪೂರ್ತಿ ವಚನ, ಶಾಸನ ಓದಿದ ಮನಷ್ಯಾ. ಅವತ್ತ ನಾ ದೇವರ ಮುಂದ ದೀಪ ಹಚ್ಚಿ ಅತ್ತೀನಿ. ಹಂಗಂತ ನಿನ್ನ ವಿಚಾರ ಬರಿಯೋದು ಬಿಡು ಅನ್ನಂಗಿಲ್ಲ, ಬರಿ, ನಿನ್ನ ಹೆಸರಲೇ ಬರಿ.

ಜನವರಿಯಾಗ ಗವಿಸಿದ್ಧಪ್ಪಜ್ಜನ ಜಾತ್ರಿಗೆ ಬಾ. ಗದ್ದಿಗಿಗೆ ಕೈ ಮುಗಿ ಅಂತ ಯಾರೂ ಅನ್ನದಂಗ ನಾ ನೋಡಿಕೊಳ್ತೀನಿ, ಕಾಕಾಗೂ ಹೇಳೀನಿ. ದಾಸೋಹಕ್ಕ ಓಣಿ ಹೆಣಮಕ್ಕಳು ರೊಟ್ಟಿ ಬಡಿಯಾಕ ಕೂಡ್ತಾರ, ಆಯಿಗೆ ಈ ಸಲ ಮಂಡಿ ನೋವು, ಆಕಿ ಬದಲಿ ನೀ ಕೂಡು. ಟ್ರೇನ್ ಟಿಕೆಟ್ ಈಗ ಮಾಡಿಸು, ಆಮ್ಯಾಲ ಸಿಗಂಗಿಲ್ಲ, ಮತ್ತ ಅದಕ್ಕಿಂತ ಮೊದಲ ಇವತ್ತ ರಾತ್ರಿ ಆಯಿಗೆ ಒಂದು ಫೋನ್ ಹಚ್ಚು.

ನಿನ್ನ ಅವ್ವ