ಮಗಳಿಗೊಂದು ಪತ್ರ: ಬಂದ ಯೋಚನೆಗೆಲ್ಲ ಮಣೆ ಹಾಕುವುದೇ?

ಕಾರವಾರ,
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಬೆಳಿಗ್ಗೆ ಪೂಜೆ ಮುಗಿಸಿಕೊಂಡು ಇಗರ್ಜಿಯಿಂದ ಬಂದು ನಿನಗೆ ಫೋನು ಮಾಡಿದಾಗ, ಕಚೇರಿಯ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿ ಎಲ್ಲರೆದುರು ಹೇಳಿಸಿಕೊಳ್ಳಬೇಕಾಯಿತೆಂದು ನೀನು ಹೇಳಿದೆ. ಆ ಸುದ್ದಿ ನನ್ನನ್ನು ಹೆಚ್ಚು ಕಾಡಲಿಲ್ಲ. ಅಷ್ಟು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳಿಗೆ ತಪ್ಪೆಂಬುದು ಹೊಸದಲ್ಲ. ಕಾಡಿದ್ದು ಅದರ ಬೆನ್ನಿಗೇ ನೀನು ಆಡಿದ ಮಾತು: "ನನ್ನಿಂದ ಯಾವುದೂ ನೆಟ್ಟಗೆ ಆಗುವುದಿಲ್ಲಮ್ಮ, ನಾನು ಇಷ್ಟೇ." ಒಂದು ಅಂಕಿಯನ್ನು ಹಿಡಿದುಕೊಂಡು ಇಡೀ ಬದುಕಿಗೆ ತೀರ್ಪು ಬರೆದುಬಿಡುವ ಈ ಚಾಳಿ ನಿನಗೆ ನನ್ನಿಂದಲೇ ಬಂದಿರಬೇಕೆಂಬ ಸಂಶಯವೇ ಈ ಪತ್ರಕ್ಕೆ ಕಾರಣ. ಮನೆಯಲ್ಲಿ ನಾವು ಆಡುವುದು ಕೊಂಕಣಿಯಾದರೂ ಇಂಥದ್ದನ್ನು ಬರೆಯುವಾಗ ನನ್ನ ಕೈಗೆ ಒಗ್ಗುವುದು ಕನ್ನಡವೇ.

ನೀನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಶಿಕ್ಷಕಿಯೊಬ್ಬರು ಒಂದು ಬೆಳಿಗ್ಗೆ ನನ್ನ ನಮಸ್ಕಾರಕ್ಕೆ ಮರುಮಾತಿಲ್ಲದೆ ಮುಂದೆ ನಡೆದುಹೋದರು. ನಡೆದದ್ದು ಇಷ್ಟೇ. ಅದರ ಮೇಲೆ ನಾನು ಕಟ್ಟಿದ್ದು ಮಾತ್ರ ದೊಡ್ಡ ಕಟ್ಟಡ: ಅವರಿಗೆ ನನ್ನ ಮೇಲೆ ಅಸೂಯೆ, ಮುಖ್ಯೋಪಾಧ್ಯಾಯರ ಕಿವಿಗೆ ನನ್ನ ಬಗ್ಗೆ ಏನೋ ಹಾಕಿದ್ದಾರೆ, ಉಳಿದವರೂ ಅವರ ಕಡೆಗೇ. ದಿನವೂ ಬಸ್ಸಿನಲ್ಲಿ ಕುಳಿತು, ಅವರು ಹೀಗೆ ಅಂದರೆ ನಾನು ಹೀಗೆ ಅನ್ನಬೇಕೆಂದು ಮನಸ್ಸಿನೊಳಗೇ ಜಗಳವಾಡಿ, ಶಾಲೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧ ದಣಿದಿರುತ್ತಿದ್ದೆ. ಅವರು ಅಂದು ಯಾಕೆ ಮಾತಾಡಲಿಲ್ಲವೆಂಬುದು ನನಗೆ ಇಂದಿಗೂ ಗೊತ್ತಿಲ್ಲ, ಕೇಳಲೂ ಇಲ್ಲ. ಆದರೆ ಆ ವರ್ಷವನ್ನು ನೆನೆದಾಗ ಅವರ ಕಂದು ಸೀರೆಯ ಅಂಚು ಕಣ್ಣಿಗೆ ಕಟ್ಟುತ್ತದೆಯೇ ಹೊರತು ಹನ್ನೆರಡು ವರ್ಷದ ನೀನು ಹೇಗಿದ್ದೆ, ಊಟಕ್ಕೆ ಕುಳಿತು ಏನು ಹೇಳುತ್ತಿದ್ದೆ ಎಂಬುದು ಬಹಳ ನೆನಪಿಲ್ಲ. ಯೋಚನೆಗೆ ಖರ್ಚಿಲ್ಲವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಹಾಗೆಂದು, ಒಳ್ಳೆಯದನ್ನೇ ಯೋಚಿಸು, ಒಳ್ಳೆಯದೇ ಆಗುತ್ತದೆ ಎಂದು ಹೇಳುವವರ ಸಾಲಿನಲ್ಲಿ ನಾನು ಇಲ್ಲ. ಈಗೀಗ ಮೊಬೈಲಿನಲ್ಲಿ ಬರುವ ಪ್ರಸಂಗಗಳಲ್ಲೂ ಇದೇ ಮಾತನ್ನು ಬೈಬಲಿನ ಬಟ್ಟೆ ತೊಡಿಸಿ ಹೇಳುತ್ತಾರೆ. ಸಂತ ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ ಮನಸ್ಸು ಯಾವುದರ ಮೇಲೆ ನೆಲೆಸಬೇಕೆಂದು ಹೇಳುವ ಪಟ್ಟಿಯೊಂದಿದೆ. ಅದರಲ್ಲಿ ಮಾನ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು, ಪ್ರೀತಿಕರವಾದದ್ದು ಎಲ್ಲವೂ ಬರುತ್ತವೆ. ಆದರೆ ಎಲ್ಲಕ್ಕಿಂತ ಮೊದಲು ಬರುವುದು ಸತ್ಯವಾದದ್ದು. ಅವನು ಆ ಪತ್ರ ಬರೆದದ್ದು ಸೆರೆಯಲ್ಲಿ ಕುಳಿತು. ಬೇಡಿಯನ್ನು ಬೇಡಿಯೆಂದೇ ಬರೆದನು, ಬಳೆಯೆಂದು ಬರೆಯಲಿಲ್ಲ. "ನಾನು ಅಂಕಿಯೊಂದನ್ನು ತಪ್ಪಾಗಿ ಬರೆದೆ" ಎಂಬುದು ಸತ್ಯ, ಅದನ್ನು ಮನಸ್ಸಿನಲ್ಲಿ ಇಟ್ಟುಕೋ. "ನಾನು ಇಷ್ಟೇ" ಎಂಬುದು ಆ ಪಟ್ಟಿಯ ಮೊದಲ ಮಾತಿನ ಹತ್ತಿರವೇ ಮುಗ್ಗರಿಸುತ್ತದೆ.

ಕೆಲವು ವರ್ಷಗಳ ಹಿಂದೆ ಧ್ಯಾನಕೂಟವೊಂದರಲ್ಲಿ ಪಾದ್ರಿಗಳು ಎವಾಗ್ರಿಯುಸ್ ಎಂಬ ತಪಸ್ವಿಯ ವಿಚಾರ ಹೇಳಿದ್ದರು. 4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಈತನು ಮನುಷ್ಯನನ್ನು ಕೆಡಿಸುವ ಎಂಟು ಬಗೆಯ ಯೋಚನೆಗಳನ್ನು ಗುರುತಿಸಿದನು. ನಾವು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ ಏಳು ಪಾಪಗಳ ಪಟ್ಟಿ ಹುಟ್ಟಿದ್ದು ಅದರಿಂದಲೇ. ಅವುಗಳಲ್ಲಿ ಬೇಸರವೆಂಬುದನ್ನು ಅವನು ಬಣ್ಣಿಸಿದ ರೀತಿ ನನಗೆ ನಗು ತರಿಸಿತು: ಅದು ಹಿಡಿದ ಸನ್ಯಾಸಿಗೆ ಸೂರ್ಯನು ಕದಲುವುದೇ ಇಲ್ಲವೆನಿಸಿ, ದಿನಕ್ಕೆ 50 ತಾಸು ಇರುವಂತೆ ತೋರಿ, ಅವನು ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನಂತೆ. ನಿನ್ನ ಕಚೇರಿಯ ಮಧ್ಯಾಹ್ನ ಮೂರು ಗಂಟೆಯನ್ನು ಆತ ಕಂಡಿದ್ದನೋ ಏನೋ. ಅವನು ಹೇಳಿದ ಮುಖ್ಯ ಮಾತು ಇದು: ಇಂಥ ಯೋಚನೆಗಳು ನಮ್ಮನ್ನು ಕಾಡಬೇಕೋ ಬಾರದೋ ಎಂಬುದು ನಮ್ಮ ಕೈಯಲ್ಲಿಲ್ಲ, ಅವು ನಮ್ಮಲ್ಲಿ ತಂಗಬೇಕೋ ಬಾರದೋ ಎಂಬುದು ನಮ್ಮ ಕೈಯಲ್ಲಿದೆ.

ಇದನ್ನು ಕೇಳಿದಾಗ ನನ್ನ ಕಣ್ಣೆದುರು ಬಂದದ್ದು ಈಜಿಪ್ಟಿನ ಮರಳಲ್ಲ, ಅಘನಾಶಿನಿ ಹೊಳೆಯ ದಂಡೆಯ ನನ್ನ ತವರಿನ ಗಜನಿ ಗದ್ದೆ, ಅಂದರೆ ಉಬ್ಬರದ ಉಪ್ಪುನೀರಿಗೆ ಕಟ್ಟೆ ಹಾಕಿ ಉಳುವ ಗದ್ದೆ. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ನಿನ್ನ ಅಜ್ಜ ಇಳಿತದ ಹೊತ್ತಿಗೆ ಕಟ್ಟೆಯ ತೂಬಿನ ಹಲಗೆ ಎತ್ತಿ ಹೆಚ್ಚಾದ ಮಳೆನೀರನ್ನು ಹೊರಗೆ ಬಿಡುತ್ತಿದ್ದರು, ಉಬ್ಬರ ಏರುವ ಮುಂಚೆ ಹಲಗೆ ಇಳಿಸುತ್ತಿದ್ದರು. ಉಬ್ಬರವನ್ನು ಬೈದದ್ದನ್ನು ನಾನು ಕೇಳಲಿಲ್ಲ. ಅವರ ಭಯವೆಲ್ಲ ಏಡಿಯ ಬಿಲದ್ದು. ಕಂದೀಲು ಹಿಡಿದು ಕಟ್ಟೆಯ ಮೇಲೆ ಬಗ್ಗಿ ನಡೆಯುತ್ತ, ಹೆಬ್ಬೆರಳು ಹೋಗುವಷ್ಟು ತೂತು ಕಂಡರೂ ಹುಲ್ಲನ್ನು ಸುತ್ತಿ ಒಳಗೆ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿ, ಹಿಮ್ಮಡಿಯಿಂದ ಒತ್ತಿ ಒತ್ತಿ ಮುಚ್ಚುತ್ತಿದ್ದರು. ಸಂಜೆ ಹನಿಯಾಗಿ ಒಸರುವ ತೂತು ರಾತ್ರಿಯ ಉಬ್ಬರಕ್ಕೆ ಕಟ್ಟೆಯನ್ನೇ ಕೊಂಡೊಯ್ಯುತ್ತದೆ ಎನ್ನುತ್ತಿದ್ದರು. ಹೃದಯವನ್ನು ಎಲ್ಲಕ್ಕಿಂತ ಜಾಗರೂಕತೆಯಿಂದ ಕಾಯಬೇಕೆಂದು ಜ್ಞಾನೋಕ್ತಿಗಳಲ್ಲಿ ಓದುವಾಗಲೆಲ್ಲ ನನಗೆ ಆ ಹಿಮ್ಮಡಿ ನೆನಪಾಗುತ್ತದೆ. ಇನ್ನೊಂದು ಮಾತು: ಕಗ್ಗವು ಉಪ್ಪೇ ಇಲ್ಲದ ಗದ್ದೆಯ ಬೆಳೆಯಲ್ಲ, ಒಂದಿಷ್ಟು ಉಪ್ಪನ್ನು ತಾಳಿಕೊಂಡೇ ತೆನೆ ಬಿಡುವ ಭತ್ತ ಅದು. ಮನಸ್ಸಿಗೆ ಕಹಿಯೇ ತಾಗಬಾರದೆಂದು ಹಟ ಹಿಡಿಯಬೇಡ.

ಕಟ್ಟೆ ಕಾಯಲೂ ಮೈಯಲ್ಲಿ ತ್ರಾಣವಿರಬೇಕೆಂಬುದು ಬೇರೆ ಮಾತು. ಅರಸರ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯದಲ್ಲಿ, ಕರ್ಮೆಲ್ ಬೆಟ್ಟದ ಮೇಲೆ ಗೆದ್ದು ಬಂದ ಪ್ರವಾದಿ ಎಲೀಯನೇ ಈಜೆಬೆಲ್ ರಾಣಿಯ ಒಂದು ಬೆದರಿಕೆಗೆ ಕುಸಿದು, ಅಡವಿಯ ಗಿಡದ ಕೆಳಗೆ ಕುಳಿತು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಕೇಳುತ್ತಾನೆ. ಆಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟು ಎಬ್ಬಿಸಿದನು. ಅವನು ತಿಂದು ಮತ್ತೆ ಮಲಗಿದಾಗ ಮಲಗಲು ಬಿಟ್ಟು, ಎರಡನೆಯ ಸಲ ಎಬ್ಬಿಸಿ ತಿನ್ನಿಸಿದನು. "ನಾನೊಬ್ಬನೇ ಉಳಿದಿದ್ದೇನೆ" ಎಂದು ಎಲೀಯನು ಎರಡು ಬಾರಿ ಹೇಳುವುದು ಹೋರೇಬ್ ಬೆಟ್ಟದಲ್ಲಿ, ಬಹಳ ದಿನಗಳ ಮೇಲೆ. ಅದಕ್ಕೂ ದೇವರು ಕೊಟ್ಟ ಉತ್ತರದಲ್ಲಿ ಸಮಾಧಾನದ ಮಾತಿಲ್ಲ, ಮುಂದಿನ ಕೆಲಸವಿದೆ, ಒಂದು ಲೆಕ್ಕವಿದೆ: ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7,000 ಜನ ಇಸ್ರಾಯೇಲಿನಲ್ಲಿ ಉಳಿದಿದ್ದಾರೆ. ಒಬ್ಬನೇ ಎಂಬ ಭಾವನೆ ಎಷ್ಟೇ ನಿಜವೆನಿಸಿದ್ದರೂ ಲೆಕ್ಕ ಬೇರೆಯೇ ಇತ್ತು.

ಆದ್ದರಿಂದ ನಿನ್ನನ್ನು ಮೊದಲು ಕೇಳುವುದು ನಿದ್ದೆಯ ವಿಷಯ. ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ ಎಂದೆಯಲ್ಲ; ಬರುವ ವಾರವೂ ಹೀಗೇ ಆದರೆ ಮಾನಸಿಕ ವೈದ್ಯರನ್ನು ಕಾಣು. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯೆಂದು ನಿನ್ನ ಪ್ರಾರ್ಥನಾಕೂಟದವರು ಯಾರಾದರೂ ಹೇಳಿದರೆ, ಆ ರೊಟ್ಟಿಯ ಕಥೆಯನ್ನು ಅವರಿಗೂ ಹೇಳು.

ಉಳಿದಂತೆ ನಾನು ರೂಢಿಸಿಕೊಂಡದ್ದು ಒಂದೇ. ರಾತ್ರಿ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿದ ಮೇಲೆ, ಸಂತ ಇಗ್ನಾಸಿಯುಸನು ಕಲಿಸಿದಂತೆ ಆ ದಿನವನ್ನು ಒಮ್ಮೆ ಹಿಂದಕ್ಕೆ ತಿರುವಿ ನೋಡುತ್ತೇನೆ. ದಿನವಿಡೀ ಕೊರೆದ ಯೋಚನೆ ಯಾವುದೋ ಅದನ್ನು ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಒಂದು ವಾಕ್ಯವಾಗಿ ಬರೆದು, ಯೇಸುವಿನ ಮುಂದೆ ಗಟ್ಟಿಯಾಗಿ ಓದುತ್ತೇನೆ. ಹಲವು ವಾಕ್ಯಗಳು ಓದುವಾಗಲೇ ನಾಚಿಕೊಳ್ಳುತ್ತವೆ. "ಎಲ್ಲರೂ" ಎಂದು ಬರೆದದ್ದನ್ನು ಹೊಡೆದು "ಒಬ್ಬರು" ಎಂದು ತಿದ್ದಬೇಕಾಗುತ್ತದೆ. ಕನ್ನಡ ಟೀಚರಿನ ಕೆಂಪು ಶಾಯಿ ಇಷ್ಟಕ್ಕಾದರೂ ಬಂತು. ಕೆಲವು ವಾಕ್ಯಗಳನ್ನು ತಿದ್ದಲು ಬರುವುದಿಲ್ಲ, ಅವು ನಿಜವೇ ಆಗಿರುತ್ತವೆ. ಅವನ್ನು ಹಾಗೆಯೇ ಅವನ ಮುಂದೆ ಇಟ್ಟು ದೀಪ ಆರಿಸುತ್ತೇನೆ.

ಮುಂದಿನ ಶುಕ್ರವಾರ ರಾತ್ರಿಯ ಪಂಚಗಂಗಾ ರೈಲಿಗೆ ಟಿಕೆಟ್ ಸಿಕ್ಕರೆ ಹೊರಟು ಬಾ. ಒಣ ಸಿಗಡಿಯ ಚಟ್ನಿ ಮಾಡಿಡುತ್ತೇನೆ. ಏಳನೆಯ ತರಗತಿಯಲ್ಲಿ ನೀನು ಹೇಗಿದ್ದೆ ಎಂಬುದನ್ನೂ ನನಗೆ ಸ್ವಲ್ಪ ಹೇಳಬೇಕು.

ನಿನ್ನ,
ಅಮ್ಮ