ಚೆಂಡೆಗೊಂದು ಪತ್ರ: ಕ್ಯಾಮೆರಾ ಆಮೇಲೆ ನೋಡುವಾ

ಪ್ರೀತಿಯ ಚೆಂಡೆ,

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಫೋಟೋಗ್ರಫಿಯನ್ನೇ ಹೊಟ್ಟೆಪಾಡು ಮಾಡಿಕೊಳ್ಳಲಾ ಎಂದು ಕೇಳಿದ್ದೀಯಲ್ಲ, ನಮ್ಮ ಕಾಸರಗೋಡು ಕಡೆಯ ಬದಿಯಡ್ಕದ ಕೆಲವು ಹುಡುಗರದ್ದೂ ಅದೇ ಪ್ರಶ್ನೆ. ಹಾಗಾಗಿ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತೇನೆ. ಸೀತಾಂಗೋಳಿ ಬಸ್ಸಿನ ವಿಷಯ ಬರೆಯುವುದಿಲ್ಲ, ಹೆದರಬೇಡ.

ಬಾ ಮಾರಾಯ. ಕೆಲಸ ಉಂಟು, ವರ್ಷವಿಡೀ ಇಲ್ಲ ಅಷ್ಟೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದರೆ ಆಟದ ಫೋಟೋ ನಿಂತಿತು. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆ ಇಲ್ಲ. ಆ ಮಳೆಯಲ್ಲಿ ಲೆನ್ಸ್ ಕಾಯುವುದೇ ದೊಡ್ಡ ಕೆಲಸ. ಬ್ಯಾಗಿನಲ್ಲಿಟ್ಟು ಮರೆತರೆ ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂಥ ಬಿಳಿ ಬೂಷ್ಟು ಹಬ್ಬುತ್ತದೆ, ಟಾರ್ಚ್ ಹಿಡಿದು ನೋಡಿದರೆ ಎಳೆ ಎಳೆಯಾಗಿ ಕಾಣುತ್ತದೆ. ಡ್ರೈ ಕ್ಯಾಬಿನೆಟ್ ತಗೊಂಡು ತೇವಾಂಶವನ್ನು ಶೇ. 40ರಿಂದ 50ರೊಳಗೆ ನಿಲ್ಲಿಸು. ಅಷ್ಟು ದುಡ್ಡಿಲ್ಲದಿದ್ದರೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್.

ಯಾವ ಕ್ಯಾಮೆರಾ ಎಂದು ಕೇಳಿದೆ. ಎರಡು ಮೆಮೊರಿ ಕಾರ್ಡ್ ಹಾಕುವಂಥದ್ದು ಯಾವುದಾದರೂ ಆದೀತು. ಒಂದು ಕಾರ್ಡ್ ಕೈಕೊಟ್ಟಿತೆಂದು ಧಾರೆಯನ್ನು ಇನ್ನೊಮ್ಮೆ ಎರೆಯಲಿಕ್ಕಾಗುತ್ತದಾ?

ಇನ್ನು, ನನ್ನನ್ನು ಕೊರೆಯುತ್ತಿರುವುದು ಬೇರೆಯೇ. ಮೊನ್ನೆ ಒಬ್ಬಳು ಹುಡುಗಿ ಬಂದಿದ್ದಳು. ಅವಳ ಮದುವೆಯ ಆಲ್ಬಮ್ ಮಾಡಿದವ ನಾನೇ. ಕೇಳಿದ್ದು ಅವಳ ಫೋಟೋ ಅಲ್ಲ. "ಅಜ್ಜಿ ಇರುವುದು ಯಾವುದಾದರೂ ಉಂಟಾ?" ಅಜ್ಜಿ ತೀರಿಹೋಗಿದ್ದಾರೆ. ಆಲ್ಬಮ್ಮಿನಲ್ಲಿ ಎಲ್ಲೋ ಒಂದು ಕಡೆ ಅವರ ಭುಜ ಕಾಣುತ್ತದೆ, ಅಷ್ಟೆ. ಬೇಡವೆಂದು ಬದಿಗಿಟ್ಟ ಫೋಲ್ಡರ್ ತೆರೆದೆ. ಮಂಟಪದ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ, ಕನ್ನಡಕ ಹಣೆಗೇರಿಸಿಕೊಂಡು ಸೆರಗಿನ ತುದಿಯ ಎಲೆಯಡಿಕೆ ಗಂಟು ಬಿಚ್ಚುತ್ತಿದ್ದಾರೆ. ಫೋಕಸ್ ಮದುಮಗಳ ಮೇಲಿತ್ತು, ಅಜ್ಜಿ ಸ್ವಲ್ಪ ಮಸುಕು. ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದಳು.

ಒಂದು ಮದುವೆಗೆ ನಾಲ್ಕು ಸಾವಿರ ಕ್ಲಿಕ್ ಆದರೆ, ಒಂದು ರಾ ಫೈಲಿಗೆ, ಅಂದರೆ ಕ್ಯಾಮೆರಾ ಕೊಡುವ ಮೂಲ ಫೈಲಿಗೆ, 25 ಎಂಬಿ ಎಂದರೂ 100 ಜಿಬಿ. ಆಲ್ಬಮ್ ಕೊಟ್ಟು ಕೆಲವು ತಿಂಗಳಾದ ಮೇಲೆ ಅಳಿಸುವವರೇ ಹೆಚ್ಚು, ಅವರನ್ನು ದೂರುವುದಿಲ್ಲ. ಆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯ ತೆಗೆಸಿದವನೇ. ಆ ಮಸುಕು ಅಜ್ಜಿಯೂ ಅವರದ್ದೇ ಅಲ್ಲವಾ?

ನಾನು ಒಂದನ್ನೂ ಅಳಿಸಿಲ್ಲ. ಅದು ಹೆಮ್ಮೆಯ ಮಾತಲ್ಲ, ಭಯದ್ದು. ಮಧೂರು ದೇವಸ್ಥಾನದಲ್ಲಿ ಗಣಪತಿಯನ್ನು ಅಪ್ಪದ ರಾಶಿಯಲ್ಲಿ ಮುಚ್ಚುವ ಮೂಡಪ್ಪ ಸೇವೆ 1992ರಲ್ಲಿ ಆಗಿ, ಮತ್ತೆ ಆದದ್ದು 2025ರಲ್ಲಿ. 1992ರ ಪ್ರಿಂಟುಗಳು ಮನೆಗಳ ಆಲ್ಬಮ್ಮಿನಲ್ಲಿ ಇನ್ನೂ ಉಂಟು. ಇನ್ನೊಂದು 33 ವರ್ಷ ಕಳೆದು ಯಾರಾದರೂ ಬಂದು ಕೇಳಿದರೆ ನನ್ನ ಈ ಹಾರ್ಡ್ ಡಿಸ್ಕುಗಳು ತೆರೆದುಕೊಳ್ಳುತ್ತವಾ? ರಾತ್ರಿ ಎಚ್ಚರವಾದರೆ ಎದ್ದು ಹೋಗಿ ಒಂದೊಂದನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ನೋಡುತ್ತೇನೆ. ಮೂರು ಪ್ರತಿ ಇಡಬೇಕು, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಜಾಗದಲ್ಲಿ. ಕಸುಬಿನವರೆಲ್ಲ ಹೇಳುವ ನಿಯಮ ಇದು. ನನ್ನ ಹತ್ತಿರ ಆ ಬೇರೆ ಜಾಗ ಇಲ್ಲ. ನನ್ನ ನಂತರ ಇದನ್ನೆಲ್ಲ ನೋಡಿಕೊಳ್ಳುವವರೂ ಇಲ್ಲ. ನಿನಗೆ ಬಾ ಎಂದದ್ದು ಪೂರ್ತಿ ನಿನ್ನ ಒಳ್ಳೆಯದಕ್ಕೇ ಅಲ್ಲ ಚೆಂಡೆ, ಈ ಮುಖಗಳನ್ನು ಕಾಯಲು ನನ್ನ ಜೊತೆ ಇನ್ನೊಬ್ಬ ಬೇಕು.

ಇಷ್ಟೆಲ್ಲ ಬರೆಯುವ ಅಂದಾಜಿರಲಿಲ್ಲ, ಸಾಕು. ನಿನ್ನ ಮನೆಯ ಗೋದ್ರೇಜು ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿಸಲು ಅಮ್ಮನಿಗೆ ಹೇಳು, ನಾನು ಕೇಳಿದರೆ ಮೊದಲು ಊಟಕ್ಕೆ ಕೂರಿಸುತ್ತಾರೆ. ಬರುವಾಗ ನಾಲ್ಕು ಟಿಬಿಯ ಡಿಸ್ಕ್ ಎರಡು ತಾ. ಮೈಸೂರುಪಾಕ್ ಮಾತ್ರ ಬೇಡ, ಕಳೆದ ಸಲದ್ದು ಇಬ್ಬರಿಗೂ ನೆನಪುಂಟು.

ನಿನ್ನ,
ಟಾರ್ಚ್