ವೈಜ್ಞಾನಿಕ ಕಾದಂಬರಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಇಪ್ಪತ್ತು ವರ್ಷಗಳಿಂದ ಚಿತ್ರದುರ್ಗದಲ್ಲಿ ಮನೆ, ಶಾಲೆಗಳ ನಕ್ಷೆ ಬರೆಯುತ್ತಿರುವ ವಾಸ್ತುಶಿಲ್ಪಿ ನಾನು. ಈಗಷ್ಟೇ ಮೊದಲ ವೈಜ್ಞಾನಿಕ ಕಾದಂಬರಿಯನ್ನು ಬರೆದು ಮುಗಿಸಿದ್ದೇನೆ. ಮುನ್ನೂರು ವರ್ಷಗಳಾಚೆ, ಮಳೆ ಕೈಕೊಟ್ಟ ಬಯಲುಸೀಮೆಯಲ್ಲಿ ಕಲ್ಲುಬೆಟ್ಟವನ್ನೇ ನಂಬಿ ನೆಲೆಸಿದ ಊರೊಂದರ ಕಥೆಯದು. ಮೊದಲ ಕರಡಿನಲ್ಲಿ ಹಾರುವ ವಾಹನಗಳಿದ್ದವು, ಗಾಜಿನ ಗೋಪುರಗಳಿದ್ದವು. ಅದನ್ನು ಓದಿದ ನನ್ನ ಪತ್ನಿ, ‘ಈ ಊರಿನವರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮ ಏಳು ಸುತ್ತಿನ ಕೋಟೆಯಲ್ಲಿ. ಬಂಡೆಗಳ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಕೋಡಿ ಹರಿದು ಅಕ್ಕ-ತಂಗಿಯರ ಹೊಂಡಕ್ಕಿಳಿದು, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡಗಳತ್ತ ಸಾಗುವ ಏರ್ಪಾಡನ್ನು, ಕಟ್ಟಡವನ್ನು ಉದ್ದಕ್ಕೆ ಸೀಳಿ ಒಳಗನ್ನು ತೋರಿಸುವ ಸೆಕ್ಷನ್ ಡ್ರಾಯಿಂಗ್‌ನಂತೆ ಹಾಳೆಯ ಮೇಲೆ ಬರೆದುಕೊಂಡ ಮೇಲೆಯೇ ನನ್ನ ಪಾತ್ರಗಳು ನಡೆದಾಡತೊಡಗಿದವು. ಯಾರ ಮನೆ ಮೇಲಿನ ಹೊಂಡದ ಬಳಿ, ಯಾರದು ಕೆಳಗೆ ಎಂಬುದರಿಂದಲೇ ಜಗಳ, ಸಂಬಂಧ, ಅಧಿಕಾರ ಎಲ್ಲವೂ ಹುಟ್ಟಿದವು.

ಆದರೆ ನಾನು ಸಂಪರ್ಕಿಸಿದ ಪ್ರಕಾಶಕರೊಬ್ಬರು, ಕನ್ನಡದಲ್ಲಿ ಇಂಥದ್ದಕ್ಕೆ ಓದುಗರಿಲ್ಲವೆಂದು ಹಸ್ತಪ್ರತಿಯನ್ನು ತೆರೆಯದೆಯೇ ಹಿಂತಿರುಗಿಸಿದರು. ಇದನ್ನು ನಾನು ಒಪ್ಪಲಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲೇ ಇವೆ. ಅವುಗಳ ಬೇಲಿಯಾಚೆ ಬೆಳೆಯುತ್ತಿರುವ ಮಕ್ಕಳು ನಾಳೆಯ ಕಥೆಗಳನ್ನು ತಮ್ಮ ನುಡಿಯಲ್ಲೇ ಓದಬೇಡವೇ? ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ತಿಂಗಳಿಗೊಂದಾದರೂ ವೈಜ್ಞಾನಿಕ ಕಥೆಯನ್ನು ಪ್ರಕಟಿಸಬೇಕೆಂದೂ, ಹೊಸಬರನ್ನು, ಅದರಲ್ಲೂ ಎಂಜಿನಿಯರ್‌ಗಳನ್ನು ಮತ್ತು ವಿಜ್ಞಾನ ಶಿಕ್ಷಕರನ್ನು ಬರೆಯಲು ಆಹ್ವಾನಿಸಬೇಕೆಂದೂ ವಿನಂತಿಸುತ್ತೇನೆ.

– ಓರ್ವ ವಾಸ್ತುಶಿಲ್ಪಿ, ಚಿತ್ರದುರ್ಗ